ಕಡೆಯ ಮನೆಯ ದೀಪ

ದೀಪವನ್ನು ಕೊಡುವುದು ಒಂದು ಕಾರ್ಯ. ಕೊಟ್ಟ ದೀಪವು ಆರದಂತೆ ನೋಡಿಕೊಳ್ಳುವುದು ಮತ್ತೊಂದು. ಮೊದಲನೆಯದು ದಾನದಿಂದಲೂ ಆದೀತು. ಎರಡನೆಯದಕ್ಕೆ ಕರ್ತವ್ಯಬುದ್ಧಿ ಬೇಕು. ಹೊಗೆಯಿಲ್ಲದ ಹೊಸ ಶಕ್ತಿಗಳಿಗಾಗಿ ಸರ್ಕಾರಗಳು ಮಾಡುತ್ತಿರುವ ಏರ್ಪಾಡುಗಳ ಯೋಗ್ಯತೆಯನ್ನು ತೂಗುವವರು ಈ ಭೇದವನ್ನು ಮರೆಯಲಾಗದು.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಕರ್ನಾಟಕದ ಎಲ್ಲೆ ಮುಗಿಯುವ ಮುನ್ನ, ಪುಣಜನೂರು ಇರುವುದು. ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ತಾಳಮಲೆಯ ಕಾಡಿಗೂ ನಡುವೆ ಆನೆಗಳು ಸಂಚರಿಸುವ ದಾರಿ ಈ ಊರಿನ ಬಳಿಯಲ್ಲಿಯೇ ಹಾದಿದೆ. ಬಿಳಿಗಿರಿಯ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸೋಲಿಗರ ಪೋಡುಗಳಾದರೋ ಅದಕ್ಕೂ ಬಹುಕಾಲ ಮುಂಚಿನಿಂದ ಅಲ್ಲಿರತಕ್ಕವು. ಇಂತಹ ಸೀಮೆಯಲ್ಲಿ ವಿದ್ಯುತ್ತಿನ ತಂತಿಯನ್ನು ಎಳೆಯುವುದೆಂದರೆ ಮರಗಳನ್ನು ಕಡಿಯಬೇಕು. ಜೋತುಬಿದ್ದ ತಂತಿಯು ಆನೆಯ ಪ್ರಾಣವನ್ನು ತೆಗೆಯಬಲ್ಲುದು. ಎಳೆಯದಿದ್ದರೆ ಮನುಷ್ಯರು ಕತ್ತಲೆಯಲ್ಲಿ ಉಳಿಯುವರು. ಎರಡೂ ಕಡೆ ನ್ಯಾಯವಿರುವುದರಿಂದಲೇ ಇದು ಧರ್ಮಸಂಕಟ.

ಈ ಸೀಮೆಗೆ ವಿದ್ಯುಚ್ಛಕ್ತಿಯ ಕಥೆ ಹೊಸದಲ್ಲ. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಕಾರ್ಯವು 1902ರಲ್ಲಿ ಫಲಿಸಿತು. ಅಲ್ಲಿಯ ಶಕ್ತಿಯು ಸುಮಾರು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಅದೂ ಹೊಗೆಯಿಲ್ಲದ ಶಕ್ತಿಯೇ. ಆದರೆ ತಂತಿಯು ಯಾವ ಹಳ್ಳಿಗಳ ಮೇಲೆ ಹಾದುಹೋಯಿತೋ ಅಲ್ಲಿಯವರು ಅದನ್ನು ತಲೆಯೆತ್ತಿ ನೋಡಿದುದು ಮಾತ್ರ. ಶಕ್ತಿಯು ಶುದ್ಧವಾದ ಮಾತ್ರಕ್ಕೆ ಅದರ ಹಂಚಿಕೆಯೂ ಶುದ್ಧವಾಗುವುದಿಲ್ಲ.

ಹೊಸ ಯಂತ್ರವಿದ್ಯೆಯು ಹಳೆಯ ಸಂಕಟವನ್ನು ಬಹುಮಟ್ಟಿಗೆ ಸಡಿಲಿಸಿದೆ. ಹಿಂದೆ 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು ಇಂದು 9 ವ್ಯಾಟಿನ ಎಲ್‌ಇಡಿ ದೀಪವು ಕೊಡುವುದು. ಆದುದರಿಂದ ಮಾಡಿನ ಮೇಲಣ ಸಣ್ಣ ಸೌರಫಲಕವೇ ಒಂದು ಸಂಸಾರಕ್ಕೆ ಬೆಳಕನ್ನೀಯಬಲ್ಲುದು. ಕಾಡನ್ನು ಸೀಳುವ ತಂತಿ ಬೇಕಿಲ್ಲ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೌಭಾಗ್ಯ ಯೋಜನೆಯಲ್ಲಿ, ತಂತಿ ಮುಟ್ಟದ ದೂರದ ಮನೆಗಳಿಗೆ 200ರಿಂದ 300 ವ್ಯಾಟಿನ ಸೌರಫಲಕ, ಬ್ಯಾಟರಿ, ಐದು ದೀಪ, ಒಂದು ಫ್ಯಾನು, ಇವುಗಳ ಜೊತೆಗೆ ಐದು ವರ್ಷಗಳ ದುರಸ್ತಿಯನ್ನೂ ಗೊತ್ತುಮಾಡಿದ್ದರು. ಏರ್ಪಾಡು ಶ್ಲಾಘ್ಯವಾದುದೇ. ಆದರೆ ಆರನೆಯ ವರ್ಷದ ಮಾತೇನು? ಫಲಕವು ಇಪ್ಪತ್ತು ವರ್ಷಕ್ಕೂ ಮೀರಿ ಬಾಳೀತು. ಸೀಸದ ಬ್ಯಾಟರಿಯು ಕೆಲವೇ ವರ್ಷಗಳಲ್ಲಿ ಸಾಯುವುದು. ಸತ್ತ ಬ್ಯಾಟರಿಯನ್ನು ಹಿತ್ತಿಲಲ್ಲಿ ಎಸೆದರೆ ಅದರ ಸೀಸವು ಮಣ್ಣಿಗೂ ನೀರಿಗೂ ವಿಷ. 2022ರ ನಿಯಮಗಳು ಅದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆ ಹೊಣೆಯು ಕಾಡಿನ ದಾರಿಯನ್ನು ನಡೆದು ಪೋಡಿನವರೆಗೆ ಬರಬೇಕು.

ಕಾಡಿನವರ ಅಗತ್ಯಗಳು ಸ್ವಲ್ಪ, ಅವರಿಗೆ ಇಷ್ಟು ಸಾಕು ಎಂದು ಕೆಲವರು ಹೇಳುವರು. ಅಲ್ಪದಲ್ಲಿ ತೃಪ್ತಿಪಡುವುದು ಗುಣವೇ ಅಹುದು. ಆದರೆ ತಾನಾಗಿ ಒಪ್ಪಿದರೆ ಅದು ಗುಣ, ಇತರರು ಹೇರಿದರೆ ಅದು ದಾರಿದ್ರ್ಯ. ಒಂದು ಮನೆಗಾಗಿ ಇಷ್ಟು ಹಣವೇ ಎಂಬುದು ಮತ್ತೊಂದು ಆಕ್ಷೇಪ. ಬೊಕ್ಕಸಕ್ಕೆ ಮಿತಿಯುಂಟೆಂಬುದು ನಿಜ. ಆದರೆ ಶಕ್ತಿಯು ಎಷ್ಟು ದೂರದಿಂದ ಬಂದಿತೆಂದು ಅಳೆದು ಪೇಟೆಯ ಮನೆಗೆ ಯಾರೂ ಬೆಲೆ ಕಟ್ಟುವುದಿಲ್ಲ. ಆ ಲೆಕ್ಕವನ್ನು ಕಾಡಿನವನೊಬ್ಬನಿಗೆ ಮಾತ್ರ ಹಾಕುವುದು ಹೇಗೆ ನ್ಯಾಯ? ಕಾಡು ಉಳಿಯುವುದರಿಂದ ಮಳೆ, ಹೊಳೆ, ನೆರಳುಗಳ ಲಾಭವು ನಾಡಿಗೆಲ್ಲ ಸಲ್ಲುವುದು. ಅದರ ಕಟ್ಟುಪಾಡುಗಳನ್ನು ದಿನದಿನವೂ ಹೊರುವವನು ಅಲ್ಲಿರುವವನು.

ಹಾಗಾದರೆ ತಂತಿಯೋ ಫಲಕವೋ ಎಂಬುದನ್ನು ನಿರ್ಣಯಿಸುವವರು ಯಾರು? 2006ರ ಅರಣ್ಯ ಹಕ್ಕು ಕಾಯಿದೆಯು ವಿದ್ಯುತ್ ತಂತಿಗೂ ಸೌರಶಕ್ತಿಯಂತಹ ಹೊಸ ಮೂಲಗಳಿಗೂ ಒಂದೊಂದಕ್ಕೆ ಒಂದು ಹೆಕ್ಟೇರಿಗಿಂತ ಕಡಮೆ ಕಾಡುನೆಲವನ್ನು, ಹೆಕ್ಟೇರಿಗೆ 75ಕ್ಕೆ ಮೀರದಷ್ಟು ಮರ ಕಡಿಯುವ ಮಿತಿಯಲ್ಲಿ, ಕೊಡಬಹುದೆಂದಿದೆ. ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕೆಂದೂ ವಿಧಿಸಿದೆ. ದೀಪದಡಿಯಲ್ಲಿ ಬಾಳುವವರನ್ನು ಮೊದಲು ಕೇಳಬೇಕೆಂಬ ವಿವೇಕ ಇದರಲ್ಲಿದೆ. ಅವರು ಫಲಕವನ್ನು ಒಪ್ಪಿದರೆ, ಪೋಡಿನದೇ ಯುವಕನಿಗೋ ಯುವತಿಗೋ ದುರಸ್ತಿಯ ಕೆಲಸವನ್ನು ಕಲಿಸಿ ಸಂಬಳ ಕೊಡುವುದೂ, ಹೊಸ ಬ್ಯಾಟರಿಯ ಖರ್ಚನ್ನು ಆಯವ್ಯಯದಲ್ಲಿ ಮೊದಲೇ ಬರೆದಿಡುವುದೂ ಸರ್ಕಾರಕ್ಕೆ ಅಸಾಧ್ಯವಲ್ಲ.

ಹಂಚಿದ ದೀಪಗಳ ಸಂಖ್ಯೆಯನ್ನು ವರದಿಗಳು ತಪ್ಪದೆ ಹೇಳುವುವು. ಆರನೆಯ ವರ್ಷದ ಅಮಾವಾಸ್ಯೆಯ ರಾತ್ರಿ ಅವುಗಳಲ್ಲಿ ಎಷ್ಟು ಉರಿಯುತ್ತಿವೆ ಎಂಬುದನ್ನೂ ಅದೇ ವರದಿಯಲ್ಲಿ ಬರೆಯುವ ಪದ್ಧತಿ ಬಂದಲ್ಲಿ, ದಾನವು ಧರ್ಮವಾಯಿತೆಂದು ಹೇಳಬಹುದು.