ಋಣವು ಯಾರಿಗೆ ಸಲ್ಲತಕ್ಕದ್ದು?

ಕಳೆದ ಶ್ರಾವಣದ ಒಂದು ಸಂಜೆ ಕೇಶ್ವಾಪುರದ ನಮ್ಮ ಓಣಿಯ ಕೆಲವರು ಹಿರಿಯರು ಕೂಡಿಕೊಂಡಿದ್ದಾಗ, ಮುಸಲ್ಮಾನರು ಈ ದೇಶಕ್ಕೆ ಕೊಟ್ಟದ್ದೇನು, ಕೊಂಡದ್ದೇನು ಎಂಬ ವಿಷಯವಾಗಿ ಮಾತು ಹೊರಟಿತು. ಒಬ್ಬರು ಹಂಪೆಯ ಭಗ್ನ ವಿಗ್ರಹಗಳನ್ನು ಒಂದೊಂದಾಗಿ ಎಣಿಸಿದರು. ಮತ್ತೊಬ್ಬರು ಸಂಗೀತ, ಶಿಲ್ಪ, ಉಡಿಗೆ, ಅಡಿಗೆಗಳನ್ನು ಎಣಿಸಿದರು. ಇಬ್ಬರೂ ಓದಿಕೊಂಡವರು, ಇಬ್ಬರ ಮಾತಿನಲ್ಲಿಯೂ ಸುಳ್ಳಿರಲಿಲ್ಲ. ಆದರೂ ವಾದವು ಮುಗಿಯಲಿಲ್ಲ. ಒಂದೇ ಲೆಕ್ಕದ ಪುಸ್ತಕವನ್ನು ಹಿಡಿದು ಒಬ್ಬರು ಖರ್ಚಿನ ಬದಿಯನ್ನೂ ಒಬ್ಬರು ಜಮೆಯ ಬದಿಯನ್ನೂ ಓದುತ್ತಿದ್ದರೆ ಮುಗಿಯುವದಾದರೂ ಹೇಗೆ? ಜಮೆ, ಖರ್ಚು ಎಂಬ ಈ ಎರಡು ಶಬ್ದಗಳೂ ನಮಗೆ ಎಲ್ಲಿಂದ ಬಂದವೆಂಬದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ನಾನು ಸುಮ್ಮನೆ ಕುಳಿತಿದ್ದೆನು. ಅದಕ್ಕೊಂದು ಕಾರಣವಿತ್ತು, ಅದನ್ನು ಮುಂದೆ ಹೇಳುವೆನು. ಮನೆಗೆ ಬಂದ ಮೇಲೆ ನನಗೆ ತೋರಿದ್ದೇನೆಂದರೆ, ಲಾಭಹಾನಿಗಳನ್ನು ಕೂಡಿಸಿ ಕಳೆಯುವದು ಇತಿಹಾಸಕಾರರ ಕೆಲಸವಾಗಬಹುದು, ಗೃಹಸ್ಥನಾದವನ ಪ್ರಶ್ನೆಯು ಬೇರೆ. ಕೇಡು ಮಾಡಿದವರ ಮನೆಯಿಂದಲೇ ಒಳ್ಳೆಯದೊಂದು ನಮಗೆ ಬಂದಿದ್ದರೆ ಅದು ಋಣವಾಗುವದೋ ಇಲ್ಲವೋ? ಋಣವೇ ಆಗುವದಾದರೆ ಅದನ್ನು ಯಾರಿಗೆ ತೀರಿಸತಕ್ಕದ್ದು?

ಭಾಷೆಯ ಮಾತನ್ನು ಮೊದಲು ಮುಗಿಸಿಬಿಡುವೆನು. ನಾನು ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು ಬಂದವನು. ಮಾಸ್ತರಿಕೆಯ ಮೊದಲ ವರ್ಷಗಳಲ್ಲಿ ಹುಡುಗರ ನಿಬಂಧಗಳೊಳಗಿನ ಪಾರಸೀ, ಅರಬೀ ಶಬ್ದಗಳನ್ನು ಕೆಂಪು ಮಸಿಯಿಂದ ಹೊಡೆದುಹಾಕುತ್ತಿದ್ದೆನು. ‘ಜವಾಬ್ದಾರಿ’ ಎಂದು ಬರೆದವನಿಂದ ‘ಹೊಣೆ’ ಎಂದು ಹತ್ತು ಸಲ ಬರೆಯಿಸುತ್ತಿದ್ದೆನು. ಒಂದು ದಿನ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಸರ, ಹಾಜರಿಗೆ ಏನ ಅನಬೇಕ್ರಿ? ಕಾಗದಕ್ಕ? ಖುರ್ಚಿಗೆ? ತಾರೀಖಿಗೆ?” ಎಂದು ಕೇಳಿದನು. ಉದ್ಧಟತನವೆಂದು ಅವನನ್ನು ಹೊರಗೆ ನಿಲ್ಲಿಸಿದೆನು. ಅವನ ತಂದೆಯು ಒಕ್ಕಲುತನದವನು. ನಾವು ಇಷ್ಟೊಂದು ಅಭಿಮಾನದಿಂದ ಉಚ್ಚರಿಸುವ ‘ರೈತ’ ಎಂಬ ಶಬ್ದವೇ ಅರಬೀ ‘ರಯ್ಯತ್’ ಎಂಬದರಿಂದ ಬಂದದ್ದೆಂದು ಆ ಹುಡುಗನಿಗೆ ತಿಳಿದಿದ್ದರೆ ಅದನ್ನೂ ಕೇಳುತ್ತಿದ್ದನು, ನಾನು ಇನ್ನಷ್ಟು ಸಿಟ್ಟಾಗುತ್ತಿದ್ದೆನು. ಅರ್ಜಿ, ವಕೀಲ, ಜಿಲ್ಲೆ, ತಾಲೂಕು, ಬಾಕಿ, ವಸೂಲಿ ಇವು ಆಳುವವರ ಕಚೇರಿಯಿಂದ ಇಳಿದು ಬಂದ ಶಬ್ದಗಳು. ತೆರಿಗೆಯ ಜೊತೆಗೆ ನಮ್ಮ ಮೇಲೆ ಹೇರಲ್ಪಟ್ಟವೆಂದು ಬೇಕಾದರೆ ಹೇಳಬಹುದು. ಗುಲಾಬಿ, ಅತ್ತರು, ಹಲ್ವಾಗಳನ್ನು ಯಾರೂ ಹೇರಲಿಲ್ಲ. ಇರಲಿ.

ನನ್ನನ್ನು ಹೆಚ್ಚು ನಾಚಿಸಿದ್ದು ಸಂಸ್ಕೃತವೇ. ಶುದ್ಧವೆಂದು ನಾನು ಕಾದುಕೊಂಡು ಬಂದ ಆ ಮನೆಯೊಳಗೇ ಈ ಅತಿಥಿಗಳು ಬಹುಕಾಲದಿಂದ ಮಣೆ ಹಾಕಿಸಿಕೊಂಡು ಕುಳಿತಿದ್ದರು. ವಿಜಯನಗರದ ಅರಸರು ಶಾಸನಗಳಲ್ಲಿ ತಮ್ಮನ್ನು ‘ಹಿಂದೂರಾಯ ಸುರತ್ರಾಣ’ರೆಂದು ಕರೆದುಕೊಂಡರು. ದೇವತೆಗಳನ್ನು ಕಾಯುವವನು ಸುರತ್ರಾಣನೆಂದು ನಾವು ವಿಗ್ರಹವಾಕ್ಯ ಮಾಡಿ ಸಂತೋಷಪಡಬಹುದು. ಆದರೆ ಅದು ‘ಸುಲ್ತಾನ’ ಶಬ್ದಕ್ಕೆ ಪಂಡಿತರು ಉಡಿಸಿದ ಮಡಿ. ಅವರು ಆಸ್ಥಾನದಲ್ಲಿ ಧರಿಸುತ್ತಿದ್ದ ಕುಲ್ಲಾಯಿ, ಕಬಾಯಿಗಳೂ ಹೆಸರು ಸಹಿತವಾಗಿ ಹೊರಗಿನವು. ಹಂಪೆಯ ಕಮಲಮಹಲಿನ ಕಮಾನುಗಳನ್ನೂ ಆನೆಯ ಲಾಯದ ಗುಮ್ಮಟಗಳನ್ನೂ ಕಟ್ಟಿಸಿದವರು ಆ ಅರಸರ ಕಾಲದವರೇ ಹೊರತು ಗೆದ್ದವರಲ್ಲ. ಪಾಠಶಾಲೆಯಲ್ಲಿ ನಮಗೆ ರಸಗಂಗಾಧರವನ್ನು ಹೇಳಿದ ಗುರುಗಳು ಅದನ್ನು ಬರೆದ ಜಗನ್ನಾಥನನ್ನು ‘ಪಂಡಿತರಾಜ’ ಎಂದೇ ಕೈಮುಗಿದು ಹೆಸರಿಸುತ್ತಿದ್ದರು. ಆ ಬಿರುದನ್ನು ಕೊಟ್ಟವನು ಶಹಾಜಹಾನ ಬಾದಶಹನು. ವರ್ಷಫಲ ನೋಡುವ ಜ್ಯೋತಿಷಿಗಳ ತಾಜಿಕಶಾಸ್ತ್ರದಲ್ಲಿ ಇಕ್ಕವಾಲ, ಇತ್ಥಶಾಲ ಮುಂತಾದ ಯೋಗಗಳು ಬರುತ್ತವಷ್ಟೆ. ಇವು ಅರಬೀ ‘ಇಕ್ಬಾಲ್’, ‘ಇತ್ತಿಸಾಲ್’ಗಳು. ನೀಲಕಂಠನು 1587ರಲ್ಲಿ ತನ್ನ ತಾಜಿಕ ಗ್ರಂಥವನ್ನು ಬರೆದಾಗ ಇವನ್ನು ಶ್ಲೋಕಕ್ಕೆ ಹೊಂದಿಸಿದನು, ಮುಚ್ಚಿಡಲಿಲ್ಲ. ನಮ್ಮ ಕನ್ನಡನಾಡಿನ ಶಿವಗಂಗೆಯ ಸಮೀಪದ ಬ್ರಾಹ್ಮಣನಾದ ಪುಂಡರೀಕ ವಿಠ್ಠಲನು ಅದೇ ಶತಮಾನದಲ್ಲಿ ಖಾನದೇಶದ ಬುರ್ಹಾನಖಾನನ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ವನ್ನು ಬರೆದನು. ತರುವಾಯದ ‘ರಾಗಮಂಜರಿ’ಯಲ್ಲಿ ಅವನು ಪಾರಸೀ ರಾಗಗಳ ಹೆಸರುಗಳನ್ನು ಹೇಳಿ, ಅವಕ್ಕೆ ಸಮೀಪವಾದ ನಮ್ಮ ರಾಗಗಳನ್ನು ಪಕ್ಕದಲ್ಲಿಟ್ಟು ತೋರಿಸಿದ್ದಾನೆ. ಇವರಾರಿಗೂ ತಾವು ಅಶುದ್ಧರಾದೆವೆಂಬ ಅಳುಕು ಇದ್ದಂತೆ ಕಾಣುವದಿಲ್ಲ. ಆ ಅಳುಕು ನನ್ನಂಥ ಇತ್ತೀಚಿನವರಿಗೆ ಹುಟ್ಟಿದ್ದು.

ಮಾಸ್ತರನಾದ್ದರಿಂದ ಇನ್ನೊಂದನ್ನು ಹೇಳದೆ ಇರಲಾರೆನು. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ ಅರಬ ಪ್ರವಾಸಿಯಾದ ಇಬ್ನ ಬತೂತನು, ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವೆಂದೂ ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಬರೆದಿದ್ದಾನೆ. ಕಡಲ ವ್ಯಾಪಾರದಿಂದ ಬೆಳೆದ ಮುಸಲ್ಮಾನರ ಊರದು. ಈ ಕರಾವಳಿಯ ಚರಿತ್ರೆಯು ನಮ್ಮ ವಾದಗಳಲ್ಲಿ ಏಕೆ ಬರುವದಿಲ್ಲವೋ ತಿಳಿಯದು.

ಇನ್ನು ಕತ್ತಿಯ ಮಾತು. ಅದನ್ನು ಮರೆಸಿ ಮಾಡುವ ಸ್ನೇಹದಲ್ಲಿ ನನಗೆ ನಂಬಿಕೆಯಿಲ್ಲ. 1565ರ ಜನವರಿಯಲ್ಲಿ ರಕ್ಕಸ-ತಂಗಡಿಯ ಯುದ್ಧದಲ್ಲಿ ದಕ್ಷಿಣದ ಸುಲ್ತಾನರು ಒಂದಾಗಿ ರಾಮರಾಯನನ್ನು ಸೋಲಿಸಿ ತಲೆ ಕಡಿದರು. ವಿಜಯನಗರವು ಸುಲಿಗೆಯಾಗಿ ಹಾಳುಬಿದ್ದಿತು. ಒಕ್ಕೂಟದಲ್ಲಿ ಒಬ್ಬನು ವಿಜಾಪುರದ ಅಲಿ ಆದಿಲಶಹನು. ಕೆಲವು ವರ್ಷಗಳ ಮೊದಲು ಅವನೇ ವಿಜಯನಗರಕ್ಕೆ ಅತಿಥಿಯಾಗಿ ಹೋಗಿದ್ದನೆಂದೂ ರಾಮರಾಯನ ಪತ್ನಿಯು ಅವನನ್ನು ಮಗನೆಂದು ಕರೆದಿದ್ದಳೆಂದೂ ಇತಿಹಾಸಕಾರನಾದ ಫೆರಿಸ್ತನು ಹೇಳುತ್ತಾನೆ. ರಾಮರಾಯನ ಸೈನ್ಯವು ಅಹಮದನಗರದ ಕಡೆಗೆ ಹೋದಾಗ ಮಸೀದಿಗಳನ್ನು ಕೆಡಿಸಿತೆಂದು ದೂರುವವನೂ ಅವನೇ. ದೂರು ನಿಜವಿರಲಿ ಇಲ್ಲದಿರಲಿ, ತುಂಗಭದ್ರೆಯ ದಂಡೆಯ ಮೇಲೆ ಕೈಮುರಿದು ಕುಳಿತ ನರಸಿಂಹನನ್ನು ನೋಡಿದವನಿಗೆ ಆಗುವ ಸಂಕಟವು ನಿಜವಾದದ್ದು.

ಅದೇ ಅಲಿ ಆದಿಲಶಹನ ತಮ್ಮನ ಮಗನು ಎರಡನೆಯ ಇಬ್ರಾಹಿಮನು. 1580ರಲ್ಲಿ ಬಾಲಕನಾಗಿ ಪಟ್ಟವೇರಿ 1627ರ ವರೆಗೆ ಆಳಿದನು. ದಖನೀ ಭಾಷೆಯಲ್ಲಿ ಅವನು ರಚಿಸಿದ ‘ಕಿತಾಬ-ಏ-ನೌರಸ’ದಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ. ತನ್ನ ತಂಬೂರಿಗೆ ‘ಮೋತಿಖಾನ’ ಎಂದು ಹೆಸರಿಟ್ಟು ಅದರ ಮೇಲೂ ಹಾಡು ಕಟ್ಟಿದ ರಸಿಕನವನು. ಜನರು ಅವನನ್ನು ‘ಜಗದ್ಗುರು ಬಾದಶಹ’ ಎಂದು ಕರೆದರು. ದೊಡ್ಡಪ್ಪನು ಸುಟ್ಟನು, ಮಗನು ಹಾಡಿದನು. ಮನೆತನ ಒಂದೇ, ಸಿಂಹಾಸನ ಒಂದೇ. ಓಣಿಯ ಆ ಇಬ್ಬರು ಹಿರಿಯರಲ್ಲಿ ಒಬ್ಬರಿಗೆ ಅಲಿಯು ಮಾತ್ರ ಕಾಣಿಸಿದನು, ಮತ್ತೊಬ್ಬರಿಗೆ ಇಬ್ರಾಹಿಮನು ಮಾತ್ರ. ನನಗಾದರೆ ಇಬ್ರಾಹಿಮನ ಹಾಡು ಹಂಪೆಯ ಒಂದು ಕಲ್ಲನ್ನೂ ಮರಳಿ ನಿಲ್ಲಿಸುವದಿಲ್ಲವೆಂದು ತೋರುತ್ತದೆ. ಹಾಗೆಯೇ ಅಲಿಯ ಬೆಂಕಿಯು ಆ ಹಾಡಿನ ಒಂದು ಸ್ವರವನ್ನೂ ಸುಳ್ಳು ಮಾಡುವದಿಲ್ಲ.

ಇಲ್ಲಿ ನನಗೆ ಧರ್ಮಶಾಸ್ತ್ರವು ನೆರವಿಗೆ ಬಂತು. ತಂದೆಯ ಸಾಲವನ್ನು ಮಗನು ತೀರಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದದ್ದು ಇದೇ ಸ್ಮೃತಿಯ ಮೇಲೆ. ಆದರೆ ಅಲ್ಲಿಯೇ ಅಪವಾದವೂ ಉಂಟು: ತಂದೆಯು ಕುಡಿತಕ್ಕಾಗಿ, ಜೂಜಿಗಾಗಿ ಮಾಡಿದ ಸಾಲವನ್ನೂ ಅವನು ತೆರದೆ ಉಳಿಸಿದ ದಂಡವನ್ನೂ ಮಗನು ಕೊಡಬೇಕಾದ್ದಿಲ್ಲ. ಎಂದರೆ ನ್ಯಾಯವಾದ ಸಾಲವು ಇಳಿದು ಬರುವದು, ತಪ್ಪಿನ ದಂಡವು ಇಳಿದು ಬರುವದಿಲ್ಲ. ಸ್ವಂತ ಮಗನಿಗೇ ಬಾರದ ದಂಡವನ್ನು, ನಾಲ್ಕು ನೂರೈವತ್ತು ವರ್ಷಗಳ ತರುವಾಯ, ಅಲಿ ಆದಿಲಶಹನಿಗೆ ಯಾವ ಸಂಬಂಧವೂ ಇಲ್ಲದ ನೆರೆಮನೆಯವನಿಂದ ವಸೂಲು ಮಾಡಲು ಹೊರಡುವದು ಯಾವ ಶಾಸ್ತ್ರ?

ಇದಕ್ಕೆ ಪ್ರತಿವಾದಿಯು ಸುಮ್ಮನಿರಲಾರನು. “ಅಲಿಯ ಪಾಪವು ನೆರೆಯವನಿಗೆ ತಗಲದಿದ್ದರೆ ಇಬ್ರಾಹಿಮನ ಪುಣ್ಯವು ಮಾತ್ರ ಹೇಗೆ ತಗಲುವದು? ಅವನಿಗೆ ನಾನೇಕೆ ಋಣಿಯಾಗಲಿ?” ಎನ್ನುವನು. ಈ ಆಕ್ಷೇಪವು ಸರಿಯಾದದ್ದು. ಬಹುದಿನ ನನ್ನನ್ನು ಕಾಡಿತು. ನಿಜವಾಗಿ, ನೆರೆಯವನು ಮುಸಲ್ಮಾನನೆಂಬಷ್ಟರಿಂದಲೇ ನಾನು ಅವನಿಗೆ ಇಬ್ರಾಹಿಮನ ಹೆಸರಿನಲ್ಲಿ ಏನನ್ನೂ ಕೊಡಬೇಕಾದ್ದಿಲ್ಲ. ಅವನಿಗೆ ಸಲ್ಲತಕ್ಕದ್ದು ನೆರೆಯವನಿಗೆ ಸಲ್ಲತಕ್ಕದ್ದಷ್ಟೇ, ಅದೇನು ಕಡಿಮೆಯಲ್ಲ. ವಿದ್ಯೆಯ ಋಣದ ದಾರಿಯು ರಕ್ತದ್ದಲ್ಲ. ಬೃಹದಾರಣ್ಯಕದಲ್ಲಿ ಮೂರು ಸಲ ‘ವಂಶ’ವೆಂಬ ಪ್ರಕರಣವು ಬರುತ್ತದೆ. ಅಲ್ಲಿ ಇರುವವರು ತಂದೆಮಕ್ಕಳಲ್ಲ, ಗುರುಶಿಷ್ಯರು. ಇಂಥವನು ಇಂಥವನಿಂದ ಕಲಿತನೆಂದು ಹೆಸರಿನ ಮೇಲೆ ಹೆಸರು, ಅಷ್ಟೇ. ಕಡೆಯ ವಂಶದಲ್ಲಿಯಂತೂ ಗುರುಗಳನ್ನು ಅವರವರ ತಾಯಂದಿರ ಹೆಸರಿನಿಂದ ಗುರುತಿಸಿದೆ. ಉಪನಿಷತ್ತನ್ನು ಕಲಿತವನು ಆ ಹೆಸರುಗಳನ್ನು ಬಿಟ್ಟು ಓದುವಂತಿಲ್ಲ.

ಈಗ ನಮ್ಮ ಹುಬ್ಬಳ್ಳಿಯ ವಂಶವೊಂದನ್ನು ಓದೋಣ. ಕೇಶ್ವಾಪುರದ ನಮ್ಮ ಮನೆಗೆ ರೈಲಿನ ಸದ್ದು ಹಗಲು ರಾತ್ರಿ ಕೇಳುತ್ತಿರುತ್ತದೆ. ಬೆಂಗಳೂರಿನ ದಿಕ್ಕಿಗೆ ಹೋಗುವ ಅದೇ ಹಾದಿಯಲ್ಲಿ ಗಂಗೂಬಾಯಿ ಹಾನಗಲ್ಲರು ಕುಂದಗೋಳಕ್ಕೆ ಪಾಠಕ್ಕಾಗಿ ಹೋಗಿ ಬರುತ್ತಿದ್ದರು. ಅವರ ಗುರು ಸವಾಯಿ ಗಂಧರ್ವರು, ಎಂದರೆ ಕುಂದಗೋಳದ ರಾಮಭಾವು (1886–1952). ಗದುಗಿನ ಹುಡುಗ ಭೀಮಸೇನ ಜೋಶಿಯು ನೀರು ಹೊತ್ತು ಸೇವೆ ಮಾಡಿ ಕಲಿತದ್ದೂ ಅವರಲ್ಲಿಯೇ. ಸವಾಯಿ ಗಂಧರ್ವರ ಗುರುವು ಅಬ್ದುಲ್ ಕರೀಮಖಾನ ಸಾಹೇಬರು (1872–1937). ಉತ್ತರದ ಕೈರಾನಾ ಎಂಬ ಊರಲ್ಲಿ ಹುಟ್ಟಿ, ಮಿರಜದಲ್ಲಿ ನೆಲೆಸಿ, ಮೈಸೂರಿನ ಅರಮನೆಗೆ ಹೋಗಿಬರುತ್ತ ನಮ್ಮ ಧಾರವಾಡ ಕುಂದಗೋಳಗಳಲ್ಲಿ ಸ್ವರದ ಬೀಜವನ್ನು ಬಿತ್ತಿದವರು. ಕೊಟ್ಟದ್ದಷ್ಟೇ ಅಲ್ಲ, ಕೊಂಡರು ಸಹ: ದಕ್ಷಿಣದ ಸಂಗೀತವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ, ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ಹಾಡಿ ಮುದ್ರಿಕೆಗೂ ಕೊಟ್ಟರು. ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ರೈಲು ನಿಲ್ದಾಣದಲ್ಲಿ ಅವರ ಪ್ರಾಣ ಹೋಯಿತು. ಸಮಾಧಿಯು ಮಿರಜದ ಮೀರಾಸಾಹೇಬರ ದರ್ಗೆಯ ಆವಾರದಲ್ಲಿದೆ.

ಧಾರವಾಡದ ಮಗ್ಗುಲಿನ ಮನ್ಸೂರದ ಮಲ್ಲಿಕಾರ್ಜುನರ ವಂಶವೂ ಇಂಥದೇ. ನೀಲಕಂಠಬುವಾ ಅವರ ತರುವಾಯ ಅವರು ಅಲ್ಲಾದಿಯಾಖಾನರ ಮಕ್ಕಳಾದ ಮಂಜಿಖಾನ, ಬುರ್ಜಿಖಾನರಲ್ಲಿ ಕಲಿತರು. ಬಸವಣ್ಣನ, ಅಕ್ಕನ ವಚನಗಳನ್ನು ಮನ್ಸೂರರ ಕಂಠದಲ್ಲಿ ಕೇಳಿ ಕಣ್ಣೀರಿಟ್ಟ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿಲ್ಲ? ಆ ಅಲ್ಲಾದಿಯಾಖಾನರ ಮನೆತನದವರು ತಮ್ಮ ಪೂರ್ವಜರು ಶಾಂಡಿಲ್ಯಗೋತ್ರದ ಬ್ರಾಹ್ಮಣರೆಂದು ಹೇಳಿಕೊಳ್ಳುತ್ತಿದ್ದರು. ಗೋತ್ರ ನೋಡಿಯೇ ಗುರುವನ್ನು ಒಪ್ಪುವವರಿಗೆ ಈ ಸಂಗತಿಯನ್ನು ಒಪ್ಪಿಸಿ ಮುಂದೆ ಹೋಗುವೆನು.

ಲೇವಾದೇವಿಯು ಒಂದೇ ಕಡೆಯಿಂದ ನಡೆದದ್ದಲ್ಲ. ಅದೇ ಕುಂದಗೋಳದ ಸೀಮೆಯ ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಅವರ ಪಾದ ಹಿಡಿದವರು ಶಿಶುನಾಳದ ಶರೀಫಸಾಹೇಬರು (1819–1889). ಕೆಲಕಾಲ ಸಾಲಿಯ ಮಾಸ್ತರರೂ ಆಗಿದ್ದರು, ಎಂದರೆ ನನ್ನ ವೃತ್ತಿಬಾಂಧವರು. ತಮ್ಮ ಗುರುವಿನ ಹೆಸರನ್ನು ಅವರು ಎಂದೂ ಮರೆಮಾಚಲಿಲ್ಲ; ಪದಪದಗಳಲ್ಲಿ ಇಟ್ಟು ಹಾಡಿದರು.

ಇನ್ನು ನಾನು ಸುಮ್ಮನಿದ್ದುದಕ್ಕೆ ಕಾರಣ. 1981ರಲ್ಲಿ ನಾನು ಪಾಠಶಾಲೆಯ ವ್ಯಾಸಂಗ ಮುಗಿಸಿ ಮನೆಗೆ ಬಂದಿದ್ದೆನು. ತಂಗಿಗೆ ಹದಿನಾಲ್ಕು ವರ್ಷ. ದಾಸರ ಪದಗಳನ್ನು ಕೇಳಿದವರು ಎದ್ದು ಹೋಗದಂತೆ ಹಾಡುತ್ತಿದ್ದಳು. ಹಳೇ ಹುಬ್ಬಳ್ಳಿಯ ಮುದುಕರೊಬ್ಬರು, ಸಾರಂಗಿ ಬಾರಿಸುವವರು, ನೆರೆಯವರ ಜೊತೆಗೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ಅವಳ ಹಾಡನ್ನು ಕೇಳಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಂದೆಯವರಿಗೆ, “ಈ ಕೂಸಿನ ಕಂಠದಾಗ ಸ್ವರ ತಾನಽ ಬಂದು ಕುಂತೈತ್ರಿ. ರೊಕ್ಕ ಬ್ಯಾಡ್ರಿ, ವಾರಕ್ಕ ಎರಡು ದಿನ ಬಂದು ಹೇಳಿಕೊಡ್ತೀನಿ” ಎಂದರು. ತಂದೆಯವರು ನನ್ನ ಮುಖ ನೋಡಿದರು. ಮನೆಯಲ್ಲಿ ಶಾಸ್ತ್ರ ಬಲ್ಲವನು ನಾನಾಗಿದ್ದೆನು. “ನಮ್ಮ ಮನೆಯಲ್ಲಿ ಅದು ಹೊಂದುವದಿಲ್ಲ” ಎಂದೆನು. ಯಾವ ಶಾಸ್ತ್ರದಲ್ಲಿ ಹಾಗೆ ಹೇಳಿದೆಯೆಂದು ಅವರು ಕೇಳಲಿಲ್ಲ; ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. “ಆಗ್ಲಿ ಬಿಡ್ರಿ” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ವಾರವೇ ಧಾರವಾಡ ಆಕಾಶವಾಣಿಯಿಂದ ಗಂಗೂಬಾಯಿಯವರ ಹಾಡು ಬಂದಿತು. ನಾನು ರೇಡಿಯೋದ ಮುಂದೆ ಕುಳಿತು ತಲೆದೂಗಿ ಕೇಳಿದೆನು. ತಂಗಿಯು ಒಳಗೆ ಅಕ್ಕಿ ಆರಿಸುತ್ತಿದ್ದಳು.

ಅವಳು ಮತ್ತೆ ಯಾರಲ್ಲಿಯೂ ಕಲಿಯಲಿಲ್ಲ. ಮದುವೆಯಾಗಿ ಹೋದಳು, ಮೊಮ್ಮಕ್ಕಳಾಗಿವೆ. ನನ್ನನ್ನು ಒಂದು ಮಾತೂ ಅಂದವಳಲ್ಲ. ಇದೇ ದೀಪಾವಳಿಗೆ ತವರಿಗೆ ಬಂದಿದ್ದಾಗ ಈ ಲೇಖನವನ್ನು ಅವಳ ಮುಂದೆ ಓದಿದೆನು. ಕೈಯೊಳಗಿನ ಹೂವು ಕಟ್ಟುವದನ್ನು ನಿಲ್ಲಿಸದೆ ಕೊನೆಯವರೆಗೂ ಕೇಳಿದಳು. ಬಳಿಕ, “ಎಲ್ಲಾರ ಹೆಸರೂ ಬರದೀ. ಆ ಅಜ್ಜಾರ ಹೆಸರು ಯಾಕ ಬರದಿಲ್ಲ ಅಣ್ಣಾ?” ಎಂದು ಕೇಳಿದಳು.

ಅಂದು ನಾನು ಅವರ ಹೆಸರನ್ನು ಕೇಳಿಯೇ ಇರಲಿಲ್ಲ. ಅವಳಿಗೆ ನೆನಪಿತ್ತು.