ಮನೆ ಮಾರುವ ಮುನ್ನ

ಮಕ್ಕಳ ಮದುವೆಯಾಯಿತು, ನೌಕರಿಯಿಂದ ನಿವೃತ್ತಿಯೂ ಆಯಿತು. ಎರಡು ಜೀವಕ್ಕೆ ಇಷ್ಟು ದೊಡ್ಡ ಮನೆ ಯಾಕೆ, ಮಾರಿ ಊರ ಕಡೆ ನೆಮ್ಮದಿಯಾಗಿ ಇರೋಣ ಅಂತ ಅನೇಕ ದಂಪತಿಗಳು ಅಂದುಕೊಳ್ಳುತ್ತಾರೆ. ಆದರೆ ಬಾಳಿ ಬದುಕಿದ ಮನೆಯನ್ನು ಮಾರುವುದು ಸರಿಯೇ?

ಶಾಸ್ತ್ರ ಇದನ್ನು ತಪ್ಪು ಅನ್ನುವುದಿಲ್ಲ. ಕೂದಲು ನರೆತು, ಮೊಮ್ಮಗುವಿನ ಮುಖ ಕಂಡ ಗೃಹಸ್ಥನು ವಾನಪ್ರಸ್ಥಕ್ಕೆ ಹೊರಡಬೇಕೆಂದು ಮನುಸ್ಮೃತಿ ಹೇಳುತ್ತದೆ. ಆದರೆ ಹೊರಡುವ ರೀತಿ ಮುಖ್ಯ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಹೇಳದೆ ಕೇಳದೆ ಎದ್ದು ಹೋಗಲಿಲ್ಲ. ಮೈತ್ರೇಯಿ, ಕಾತ್ಯಾಯನಿ ಇಬ್ಬರಿಗೂ ಆಸ್ತಿ ಹಂಚಿ ಹೊರಡಲು ಮುಂದಾದರು. ಐಶ್ವರ್ಯದಿಂದ ಅಮೃತತ್ವ ಸಿಗುವುದೇ ಎಂದು ಮೈತ್ರೇಯಿ ಕೇಳಿದಾಗ, ಅದರ ಆಸೆಯೂ ಬೇಡ ಎಂದರು.

ಮನೆ ಮಾರುವವರಿಗೂ ಇದೇ ದಾರಿ. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು ಉಂಟು. ಸ್ವಯಾರ್ಜಿತವಾದರೆ ಮಾರುವ ಹಕ್ಕು ಸಂಪಾದಿಸಿದವರದೇ. ಹಕ್ಕಿದ್ದರೂ ಮಕ್ಕಳನ್ನು ಕೂರಿಸಿಕೊಂಡು ಒಂದು ಮಾತು ಹೇಳುವುದು ಧರ್ಮ. ಕೊಳ್ಳುವವರಿಗೂ ಸೋರುವ ಮೂಲೆಯನ್ನು ಮುಚ್ಚಿಡಬಾರದು. ಹಾಗಂತ ಬಂದ ದುಡ್ಡನ್ನೆಲ್ಲ ಮಕ್ಕಳಿಗೆ ಕೊಟ್ಟು, ಔಷಧಿಗೂ ಅವರ ಮುಂದೆ ಕೈಚಾಚುವುದು ವೈರಾಗ್ಯವಲ್ಲ, ಮೋಹವೇ. ತಮ್ಮ ಊಟ, ಔಷಧಿಗೆ ಆಗುವಷ್ಟು ಇಟ್ಟುಕೊಂಡೇ ಮಿಕ್ಕದ್ದನ್ನು ಕೊಡಬೇಕು.

ಬೆಟ್ಟ ಹತ್ತುವ ಭಕ್ತರಿಗೆ ಇದು ಗೊತ್ತು: ಗಂಟು ಭಾರವಾದಷ್ಟೂ ಮೆಟ್ಟಿಲು ಜಾಸ್ತಿ ಅನ್ನಿಸುತ್ತೆ. ಆದರೆ ದಾರಿಯ ನೀರನ್ನೂ ಕೆಳಗೇ ಬಿಟ್ಟು ಬಂದವರಿಗೆ ಅರ್ಧದಲ್ಲೇ ಬಾಯಾರುತ್ತೆ. ಮನೆ ಬಿಟ್ಟರೂ "ನನ್ನದು" ಎಂಬ ಮಾತು ಬಿಡದಿದ್ದರೆ ಹೊಸ ಊರಿನ ಎರಡು ಕೋಣೆಯೂ ಭಾರವೇ. ಯಾರಿಗೂ ಮೋಸ ಮಾಡದೆ, ಜಗಳ ಉಳಿಸದೆ ಬೀಗದಕೈ ಒಪ್ಪಿಸಿದವರಿಗೆ ಹೋದ ಊರೇ ತಪೋವನ.