ಎರಡು ಗಿಡ, ಒಂದು ಕುಲ

ಗಂಟೆಹೂವಿನ ಕುಟುಂಬದ ಲೋಬೆಲಿಯಾ ಕುಲಕ್ಕೆ ಸೇರಿದ ಎರಡು ಗಿಡಗಳು ಸಹ್ಯಾದ್ರಿಯಲ್ಲಿ ತೀರ ಬೇರೆ ಬಾಳು ಬಾಳುತ್ತವೆ. ಕಾಡುಹೊಗೆಸೊಪ್ಪು, ಅಂದರೆ ಲೋಬೆಲಿಯಾ ನಿಕೋಟಿಯಾನಿಫೋಲಿಯಾ, ಘಟ್ಟದ ತೆರೆದ ಇಳಿಜಾರುಗಳಲ್ಲಿ ಆಳೆತ್ತರ ಮೀರಿ ಬೆಳೆದು, ಮಳೆ ಹಿಂದೆಗೆದ ಮೇಲೆ ಉದ್ದನೆಯ ಬಿಳಿ ಹೂಗೊಂಚಲು ಬಿಡುತ್ತದೆ. ಟೊಳ್ಳು ಕಾಂಡ, ಮುರಿದರೆ ವಿಷದ ಹಾಲು. ಲೋಬೆಲಿಯಾ ಆಲ್ಸಿನಾಯ್ಡಿಸ್ ಬತ್ತದ ಗದ್ದೆಯಂಥ ತೇವದ ನೆಲದಲ್ಲಿ ಗೇಣೆತ್ತರ ಎದ್ದು, ಸಣ್ಣ ನೀಲಿ ಹೂ ತೋರಿ, ವರ್ಷದೊಳಗೆ ಮುಗಿದುಹೋಗುವ ಕಳೆ. ಇವು ನಂಟರೆಂದು ಹೊರನೋಟಕ್ಕೆ ತೋಚುವುದಿಲ್ಲ. ಹೂ ಬಿಡಿಸಿದಾಗ ಗುಟ್ಟು ತಿಳಿಯುತ್ತದೆ: ಎರಡರಲ್ಲೂ ದಳಗಳ ಕೊಳವೆ ಬೆನ್ನುದ್ದಕ್ಕೂ ಸೀಳಿದೆ, ಐದು ಪರಾಗಕೋಶಗಳು ಶಲಾಕೆಯ ಸುತ್ತ ಬೆಸೆದು ಒಂದೇ ನಳಿಗೆಯಾಗಿವೆ.

ಹಾಗಾದರೆ ಎರಡರಲ್ಲೂ ಇರುವ ಆ ‘ಒಂದು’ ಗಿಡದಲ್ಲಿದೆಯೇ, ನೋಡುವವರ ಬುದ್ಧಿಯಲ್ಲೇ?

ಗಿಡದಲ್ಲೇ ಇದೆ ಎನ್ನುವವರು ನ್ಯಾಯ-ವೈಶೇಷಿಕರು. ಅವರ ಪ್ರಕಾರ ಜಾತಿ, ಅಂದರೆ ಹಲವು ವಸ್ತುಗಳಿಗೆ ಸಾಮಾನ್ಯವಾದ ಧರ್ಮ, ನಿತ್ಯ, ಒಂದೇ, ಅನೇಕ ವ್ಯಕ್ತಿಗಳಲ್ಲಿ (ಬಿಡಿ ವಸ್ತುಗಳಲ್ಲಿ) ಸಮವೇತ, ಎಂದರೆ ಬೇರ್ಪಡದಂತೆ ನೆಲೆಸಿದ್ದು. ಆದರೆ ಕಂಡ ಸಾಮ್ಯವೆಲ್ಲ ಜಾತಿಯಲ್ಲ. ಹತ್ತನೆಯ ಶತಮಾನದ ಉದಯನ ಹೇಳಿದ ಆರು ಜಾತಿಬಾಧಕಗಳಲ್ಲಿ, ಅಂದರೆ ಜಾತಿಯಾಗದಂತೆ ತಡೆಯುವ ಕಾರಣಗಳಲ್ಲಿ, ಸಂಕರವೂ ಒಂದು: ಎರಡು ಗುಂಪುಗಳು ಒಂದರೊಳಗೊಂದು ಅಡಗದೆ ಅರೆಬರೆ ಹೆಣೆದುಕೊಂಡರೆ ಅವು ಜಾತಿಗಳಾಗಲಾರವು. ಬಿಳಿ ಹೂ, ಗಿಡ್ಡ ಕಾಂಡ ನಾನಾ ಕುಟುಂಬಗಳಲ್ಲಿ ಹೀಗೆ ಅಡ್ಡಹಾಯುವ ಲಕ್ಷಣಗಳು. 1753ರಲ್ಲಿ ಲಿನಿಯಸ್ ಪ್ರಭೇದಗಳನ್ನು ಕುಲದೊಳಗೆ, ಕುಲಗಳನ್ನು ವರ್ಗದೊಳಗೆ ಇಟ್ಟಾಗಲೂ ಬೇಡಿದ್ದು ಇದೇ ಶಿಸ್ತನ್ನು. ನಿಸರ್ಗ ಮಾತ್ರ ಅಷ್ಟು ವಿಧೇಯವಲ್ಲ. ಯುರೋಪಿನ ಗಂಟೆಹೂವು ಕಂಪಾನುಲಾ ರೊಟುಂಡಿಫೋಲಿಯಾ ಎಂಬ ಒಂದೇ ಹೆಸರಿನಡಿ 34, 68, 102 ವರ್ಣತಂತುಗಳ ಗಿಡಗಳಿವೆ. ಲೋಬೆಲಿಯಾವನ್ನೇ ಕೆಲವರು ಗಂಟೆಹೂವಿನ ಕುಟುಂಬದಿಂದ ಬೇರೆ ಮಾಡಿದ್ದುಂಟು.

ಜಾತಿ ನಿತ್ಯವೆಂಬ ಮಾತಿಗೆ ಎದುರಾದ ಬೌದ್ಧ ವಾದ ಮುಂಡಗೋಡದಲ್ಲಿ ಇಂದಿಗೂ ಜೀವಂತ. 1966ರಲ್ಲಿ ಇಲ್ಲಿ ಆರಂಭವಾದ ಟಿಬೆಟನ್ ವಸಾಹತಿನ ದ್ರೇಪುಂಗ್, ಗಾಂದೆನ್ ಮಠಗಳಲ್ಲಿ ಎಳೆಯ ಭಿಕ್ಷುಗಳು ಬಿಳಿ, ಕೆಂಪು ಬಣ್ಣಗಳ ಚರ್ಚೆಯಿಂದ ತರ್ಕ ಆರಂಭಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತ, ಮುಂದೆ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಪ್ರಮಾಣವಾರ್ತಿಕ ಗ್ರಂಥಕ್ಕೆ ಬರುತ್ತಾರೆ. ಅಲ್ಲಿನ ಅಪೋಹವಾದದಂತೆ ‘ಲೋಬೆಲಿಯಾ’ ಎಂದರೆ ಲೋಬೆಲಿಯಾ ಅಲ್ಲದ್ದನ್ನು ತಳ್ಳಿಹಾಕುವುದು. ಸತ್ಯವಾದದ್ದು ಒಂದೊಂದು ಬಿಡಿ ಗಿಡ. ಧರ್ಮಕೀರ್ತಿಯ ನಿದರ್ಶನವೂ ಮೂಲಿಕೆಯದೇ: ಅಮೃತಬಳ್ಳಿಯಂಥ ಬೇರೆಬೇರೆ ಔಷಧಿಗಳು, ತಮ್ಮಲ್ಲಿ ಸಾಮಾನ್ಯವೊಂದಿಲ್ಲದೆಯೂ, ಜ್ವರ ಇಳಿಸುತ್ತವೆ.

ಮಧ್ವಮತ ನಡುವೆ ನಿಲ್ಲುತ್ತದೆ. ಅದು ಅನೇಕರಲ್ಲಿ ವ್ಯಾಪಿಸಿದ ಏಕಜಾತಿಯನ್ನು ಒಪ್ಪದೆ, ಒಂದೊಂದು ವ್ಯಕ್ತಿಗೂ ತನ್ನದೇ ಧರ್ಮವನ್ನೂ ವಾಸ್ತವವಾದ ಸಾದೃಶ್ಯವನ್ನೂ ಕೊಡುತ್ತದೆ. ಹೂ ಬಿಡಿಸಿ ಹೋಲಿಸುವ ಸಸ್ಯಶಾಸ್ತ್ರಜ್ಞನ ಕೆಲಸಕ್ಕೆ ಇದೇ ಹೆಚ್ಚು ಹತ್ತಿರ. ಆದರೂ ಸಾದೃಶ್ಯ ಎಲ್ಲಿಂದ ಬಂತೆಂಬುದು ಉಳಿಯುತ್ತದೆ. 1859ರಲ್ಲಿ ಡಾರ್ವಿನ್ ಕೊಟ್ಟ ಉತ್ತರ ವಂಶ: ಬೆಸೆದ ಪರಾಗಕೋಶಗಳು ಎರಡು ಗಿಡಗಳಿಗೂ ಒಂದೇ ಪೂರ್ವಜದಿಂದ ಬಂದವು. ಈ ಉತ್ತರದಲ್ಲಿ ಕುಲ ನಿತ್ಯವಲ್ಲ, ಬರೀ ಹೆಸರೂ ಅಲ್ಲ. ಹುಟ್ಟು, ಕವಲು, ಅಳಿವುಗಳುಳ್ಳ ಒಂದು ಸಂತಾನ.